ಪದವಿ ವಿದ್ಯಾರ್ಥಿಗಳನ್ನು ಬಿರುಗಾಳಿ ಸಂಶೋಧನೆಗೆ ಕರೆತರುವುದು ಹೇಗೆ? ಅಧ್ಯಾಪಕರಿಗೊಂದು ಸಮಗ್ರ ಮಾರ್ಗದರ್ಶಿ

ಹವಾಮಾನಶಾಸ್ತ್ರ ಓದಲು ಬರುವ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಎಂದೋ ಕಂಡ ಆಲಿಕಲ್ಲು ಮಳೆ, ಮರ ಉರುಳಿಸಿದ ಗಾಳಿ, ಮಿಂಚು ಬಡಿದ ರಾತ್ರಿ, ಇಂಥದ್ದೊಂದು ನೆನಪು ಅವರಲ್ಲಿ ಹಲವರನ್ನು ಈ ಓದಿಗೆ ಎಳೆದು ತಂದಿರುತ್ತದೆ. ಬಂದ ಮೇಲೆ ಮೊದಲೆರಡು ವರ್ಷ ಕೈಗೆ ಸಿಗುವುದು ಕಲನಶಾಸ್ತ್ರ, ಉಷ್ಣಗತಿವಿಜ್ಞಾನ, ದ್ರವಗಳ ಚಲನೆ. ಇವೆಲ್ಲ ಬೇಕೇ ಬೇಕು. ಆದರೆ ಬಿರುಗಾಳಿಯ ಬಗ್ಗೆ ಒಂದು ಪ್ರಶ್ನೆ ಕೇಳುವುದಕ್ಕೂ ಕೊನೆಯ ವರ್ಷದವರೆಗೆ ಕಾಯಬೇಕೆಂದರೆ ಬಂದಾಗಿನ ಉತ್ಸಾಹ ಅಷ್ಟರಲ್ಲಿ ಆರಿಹೋಗಿರುತ್ತದೆ.

ಕಾಯಿಸುವ ಅಗತ್ಯವೂ ಇಲ್ಲ. 1972ರಲ್ಲಿ ಅಮೆರಿಕದ ರಾಷ್ಟ್ರೀಯ ತೀವ್ರ ಬಿರುಗಾಳಿ ಪ್ರಯೋಗಾಲಯವೂ ಓಕ್ಲಹೋಮ ವಿಶ್ವವಿದ್ಯಾಲಯವೂ ಸೇರಿ ಟೊರ್ನೆಡೊಗಳ (ಮೋಡದಿಂದ ನೆಲದವರೆಗೆ ಇಳಿಯುವ ಸುಂಟರಗಾಳಿಗಳ) ಬೆನ್ನು ಹತ್ತುವ ಯೋಜನೆ ಶುರು ಮಾಡಿದಾಗ ಕ್ಯಾಮೆರಾ ಹಿಡಿದು ಹೋದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಮರುವರ್ಷ, 1973ರ ಮೇ 24ರಂದು, ಓಕ್ಲಹೋಮದ ಯೂನಿಯನ್ ಸಿಟಿಯ ಟೊರ್ನೆಡೊವನ್ನು ಆ ತಂಡ ಹುಟ್ಟಿನಿಂದ ಅಳಿಯುವವರೆಗೆ ಚಿತ್ರೀಕರಿಸಿತು. ಅದೇ ಹೊತ್ತಿಗೆ, ಗಾಳಿ ತನ್ನತ್ತ ಬರುವ ಅಥವಾ ದೂರ ಸರಿಯುವ ವೇಗವನ್ನು ಅಳೆಯುವ ಡಾಪ್ಲರ್ ರೇಡಾರ್ ಕೂಡ ಅದೇ ಮೋಡವನ್ನು ನೋಡುತ್ತಿತ್ತು. ಎರಡೂ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಟೊರ್ನೆಡೊ ನೆಲ ಮುಟ್ಟುವ ಮೊದಲೇ ಮೋಡದೊಳಗೆ ಬಿಗಿಯಾದ ಸುತ್ತುಗಾಳಿಯ ಗುರುತು ಮೂಡಿದ್ದು ಕಂಡಿತು. ಮುನ್ನೆಚ್ಚರಿಕೆಗೆ ಡಾಪ್ಲರ್ ರೇಡಾರ್ ಬಳಸಬಹುದೆಂಬ ಭರವಸೆ ಗಟ್ಟಿಯಾದದ್ದು ಇಂಥ ಕೆಲಸದಿಂದ.

ಇಷ್ಟರ ಮೇಲೆ ನನ್ನ ನಂಬಿಕೆಯೊಂದಿದೆ: ಉತ್ತರ ನಿಮಗೂ ಗೊತ್ತಿಲ್ಲದ ಒಂದು ಸಣ್ಣ ಪ್ರಶ್ನೆಯನ್ನು ವಿದ್ಯಾರ್ಥಿಯ ಕೈಗಿಡಬೇಕು, ಅದನ್ನು ಮುಗಿಸುವವರೆಗೆ ಜೊತೆಗಿರಬೇಕು. ಉಳಿದ ಹಂತಗಳೆಲ್ಲ ಇದನ್ನು ಸಾಧ್ಯವಾಗಿಸುವ ವ್ಯವಸ್ಥೆ.

ಹಂತ 1: ಪ್ರಶ್ನೆಯನ್ನು ಕತ್ತರಿಸಿ ಚಿಕ್ಕದು ಮಾಡಿ

"ಸೂಪರ್‌ಸೆಲ್‌ಗಳು ಟೊರ್ನೆಡೊ ಹೇಗೆ ಹುಟ್ಟಿಸುತ್ತವೆ?" ಎಂದು ಹೊರಟ ವಿದ್ಯಾರ್ಥಿ ಒಂದು ಸೆಮಿಸ್ಟರ್‌ನಲ್ಲಿ ಎಲ್ಲಿಗೂ ಮುಟ್ಟುವುದಿಲ್ಲ. (ಸೂಪರ್‌ಸೆಲ್ ಎಂದರೆ ಒಳಗೇ ಸುತ್ತುತ್ತಾ ಬಹು ಹೊತ್ತು ಬಾಳುವ ಬಿರುಗಾಳಿ ಮೋಡ.) 1994–95ರ ವೋರ್ಟೆಕ್ಸ್, 2009–10ರ ವೋರ್ಟೆಕ್ಸ್2 ಎಂಬ ಭಾರಿ ಅಭಿಯಾನಗಳ ನಂತರವೂ ಆ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಮಹಾಪ್ರಶ್ನೆಯನ್ನು ಗೋಡೆಯ ಮೇಲೆ ಬರೆದಿಡಿ. ವಿದ್ಯಾರ್ಥಿಗೆ ಅದರ ಒಂದು ಚೂರು ಕೊಡಿ.

ಒಳ್ಳೆಯ ಚೂರನ್ನು ಗುರುತಿಸಲು ನಾನು ಮೂರು ವಿಷಯ ನೋಡುತ್ತೇನೆ. ಬೇಕಾದ ದತ್ತಾಂಶ ಇವತ್ತೇ ಸಿಗುವಂತಿರಬೇಕು. ಉತ್ತರ ಹೌದು ಬಂದರೂ ಅಲ್ಲ ಬಂದರೂ ಹೇಳಲು ಏನಾದರೂ ಇರಬೇಕು. ಮತ್ತು ಆ ಪ್ರಶ್ನೆಯನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ, ಹವಾಮಾನಶಾಸ್ತ್ರ ಓದದ ಗೆಳೆಯನಿಗೆ ಹೇಳಲು ಬರಬೇಕು. ಕೆಲವು ಉದಾಹರಣೆ: ಒಂದು ಪ್ರದೇಶದಲ್ಲಿ ದೊಡ್ಡ ಆಲಿಕಲ್ಲು ಬಿದ್ದ ದಿನಗಳಲ್ಲಿ ಮೋಡದೊಳಗೆ ಶೂನ್ಯ ಡಿಗ್ರಿ ತಾಪಮಾನ ಎಷ್ಟು ಎತ್ತರದಲ್ಲಿತ್ತು? ರಾತ್ರಿಯ ಬಿರುಗಾಳಿಗಳ ಹಾನಿಗಾಳಿ ವರದಿಗಳು ಹಗಲಿನವಕ್ಕಿಂತ ಎಷ್ಟು ಕಡಿಮೆ, ಅದರಲ್ಲಿ ನೋಡುವವರಿಲ್ಲದ್ದರ ಪಾಲು ಎಷ್ಟಿರಬಹುದು? ಮಿಂಚಿನ ಸಂಖ್ಯೆ ಹಠಾತ್ತಾಗಿ ಏರಿದ ಮೇಲೆ ಆಲಿಕಲ್ಲು ಬೀಳಲು ಎಷ್ಟು ನಿಮಿಷ ಹಿಡಿಯಿತು?

ನೀವೇ ಪ್ರಶ್ನೆ ಬರೆದು ಕೊಡಬೇಡಿ. ನಾಲ್ಕೈದು ಚೂರುಗಳನ್ನು ಮುಂದಿಟ್ಟು ಒಂದು ವಾರ ಓದಲು ಬಿಡಿ, ಆಮೇಲೆ ಆಯ್ಕೆ ಅವರದಾಗಲಿ. ಕೊಟ್ಟ ವಿಷಯವನ್ನು ತಿದ್ದಿ ತನ್ನದಾಗಿಸಿಕೊಂಡು ಬಂದವರ ಕೆಲಸ ಮುಗಿಯುವ ಸಂಭವ ಹೆಚ್ಚು.

ಹಂತ 2: ಯಾರನ್ನು, ಯಾವಾಗ, ಎಷ್ಟು ಹೊತ್ತು

ಎರಡನೇ ವರ್ಷ ಸರಿಯಾದ ಕಾಲ. ಅಷ್ಟರಲ್ಲಿ ಉಷ್ಣಗತಿವಿಜ್ಞಾನದ ಮೊದಲ ಪಾಠಗಳು ಆಗಿರುತ್ತವೆ, ಇನ್ನೂ ಎರಡು ವರ್ಷ ಕೈಯಲ್ಲಿರುತ್ತದೆ. ಆಯ್ಕೆಗೆ ಅಂಕಪಟ್ಟಿಯೊಂದನ್ನೇ ನೆಚ್ಚಬೇಡಿ. ತಾಳ್ಮೆಯಿಂದ ಕೂತು ಗೊಂದಲದ ದತ್ತಾಂಶ ಬಿಡಿಸುವ ಗುಣ ಅದರಲ್ಲಿ ಕಾಣುವುದಿಲ್ಲ.

ದುಡಿದು ಓದುವ ವಿದ್ಯಾರ್ಥಿಗೆ ಸಂಬಳವಿಲ್ಲದ ಸಂಶೋಧನೆ ಮುಚ್ಚಿದ ಬಾಗಿಲು. ಹಣವನ್ನೋ ಕ್ರೆಡಿಟ್ಟನ್ನೋ, ಯಾವುದಾದರೊಂದನ್ನು ಮೊದಲೇ ಗೊತ್ತುಮಾಡಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಪದವಿ ವಿದ್ಯಾರ್ಥಿಗಳಿಗಾಗಿ ನಡೆಸುವ ಬೇಸಿಗೆ ಸಂಶೋಧನಾ ಕಾರ್ಯಕ್ರಮದಲ್ಲಿ ಭತ್ಯೆ ಕೊಡುತ್ತಾರೆ. ಓಕ್ಲಹೋಮದ ನಾರ್ಮನ್‌ನಲ್ಲಿರುವ ರಾಷ್ಟ್ರೀಯ ಹವಾಮಾನ ಕೇಂದ್ರದಲ್ಲೂ ಅದು ನಡೆಯುತ್ತದೆ. ನಿಮ್ಮ ವಿಭಾಗದ ಕಾರ್ಯಕ್ರಮ ಎಷ್ಟೇ ಚಿಕ್ಕದಿರಲಿ, ಅದೇ ತತ್ವ ಇಟ್ಟುಕೊಳ್ಳಿ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ ಆರರಿಂದ ಹತ್ತು ಗಂಟೆ ಸಾಕು. ವಾರಕ್ಕೊಮ್ಮೆ ನಿಗದಿತ ಹೊತ್ತಿನಲ್ಲಿ ಭೇಟಿ ಇರಲೇಬೇಕು, ಹೇಳಲು ಏನೂ ಇಲ್ಲದ ವಾರವೂ. ಕೆಲಸ ನಿಂತಿರುವುದು ಗೊತ್ತಾಗುವುದು ಅಂಥ ವಾರದಲ್ಲೇ.

ಹಂತ 3: ಕೋಡ್‌ಗೆ ಮೊದಲು ಕಣ್ಣು

ಲ್ಯಾಪ್‌ಟಾಪ್ ತೆರೆಯುವ ಮುನ್ನ ಬಲೂನು ತಂದ ಮಾಪನಗಳನ್ನು ವಿದ್ಯಾರ್ಥಿ ಒಮ್ಮೆಯಾದರೂ ಕೈಯಲ್ಲಿ ಸ್ಕ್ಯೂ-ಟಿ ಹಾಳೆಯ (ಎತ್ತರಕ್ಕೆ ತಕ್ಕಂತೆ ತಾಪಮಾನ, ತೇವಾಂಶ ಗುರುತಿಸುವ ನಕ್ಷೆಯ) ಮೇಲೆ ಬಿಡಿಸಲಿ. ನೆಲದಿಂದ ಗಾಳಿಯ ತುಣುಕೊಂದನ್ನು ಎತ್ತಿ, ಅದು ಎಲ್ಲಿ ಮೋಡವಾಗುತ್ತದೆ, ಎಲ್ಲಿಂದಾಚೆ ತಾನಾಗಿ ಏರುತ್ತದೆ ಎಂದು ಪೆನ್ಸಿಲ್‌ನಲ್ಲಿ ಗೆರೆ ಎಳೆದವರಿಗೆ, ಮುಂದೆ ತಂತ್ರಾಂಶ "ಕೇಪ್ 2500" (ಏರುವ ಗಾಳಿಗೆ ಸಿಗಬಹುದಾದ ಶಕ್ತಿಯ ಅಳತೆ) ಎಂದು ಹೇಳಿದಾಗ ಆ ಸಂಖ್ಯೆಯ ಹಿಂದಿನ ಚಿತ್ರ ಕಾಣುತ್ತದೆ. ನೆಲಮಟ್ಟದ ತೇವಾಂಶ ಸೂಚಿಸುವ ಇಬ್ಬನಿ ಬಿಂದು ಒಂದೆರಡು ಡಿಗ್ರಿ ತಪ್ಪಾದರೆ ಆ 2500 ಎಷ್ಟು ಅಲುಗಾಡುತ್ತದೆಂಬುದೂ ಗೊತ್ತಾಗುತ್ತದೆ.

ಮುಂದಿನ ಪಾಠ ವರದಿಗಳದ್ದು. ಇದಕ್ಕೆ ಸಮಯ ಕೊಡಿ, ಏಕೆಂದರೆ ತೀವ್ರ ಹವಾಮಾನ ಸಂಶೋಧನೆಯಲ್ಲಿ ಹೊಸಬರು ಹೆಚ್ಚು ಎಡವುವುದು ಇಲ್ಲಿ. ಅಮೆರಿಕದ ಆಲಿಕಲ್ಲು ವರದಿಗಳು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ದತ್ತಾಂಶ. ವ್ಯಾಸದ ಪ್ರಕಾರ ಎಷ್ಟೆಷ್ಟು ವರದಿಗಳಿವೆ ಎಂದು ಒಂದು ಸ್ತಂಭಚಿತ್ರ ಹಾಕಲು ಹೇಳಿ. ನಿಸರ್ಗದಲ್ಲಿ ಗಾತ್ರ ಒಂದೇ ಸಮನೆ ಬದಲಾಗುತ್ತಾ ಹೋಗಬೇಕಲ್ಲ, ಚಿತ್ರ ಹಾಗಿರುವುದಿಲ್ಲ. 2.5 ಸೆಂಟಿಮೀಟರ್ ಬಳಿ ಒಂದು ಗೋಪುರ, 4.4ರ ಬಳಿ ಇನ್ನೊಂದು, 7ರ ಬಳಿ ಮತ್ತೊಂದು, ನಡುವೆ ತಗ್ಗು. ಕಾರಣವನ್ನು ನೀವು ಹೇಳಬೇಡಿ, ವಿದ್ಯಾರ್ಥಿಯೇ ಹುಡುಕಲಿ. ಹೆಚ್ಚಿನವರು ಅಳತೆಪಟ್ಟಿ ಹಿಡಿದು ಆಲಿಕಲ್ಲು ಅಳೆಯುವುದಿಲ್ಲ. ಕಾಲು ಡಾಲರ್ ನಾಣ್ಯದಷ್ಟು, ಗಾಲ್ಫ್ ಚೆಂಡಿನಷ್ಟು, ಬೇಸ್‌ಬಾಲ್‌ನಷ್ಟು ಎನ್ನುತ್ತಾರೆ. ಆ ಗೋಪುರಗಳು ನಾಣ್ಯ, ಚೆಂಡುಗಳ ಅಳತೆ.

ಅದೇ ದಾಖಲೆಯನ್ನು ವರ್ಷವಾರು ಹರಡಿ ನೋಡಿದರೆ 2010ರ ಹೊತ್ತಿಗೆ ಸಣ್ಣ ಆಲಿಕಲ್ಲಿನ ವರದಿಗಳು ಕುಸಿಯುತ್ತವೆ. ಆ ವರ್ಷ ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆ "ತೀವ್ರ" ಎನ್ನಲು ಬೇಕಾದ ಗಾತ್ರವನ್ನು 1.9 ಸೆಂಟಿಮೀಟರ್‌ನಿಂದ 2.5ಕ್ಕೆ ಏರಿಸಿತು. ಇದು ತಿಳಿಯದವರು ಆ ಕುಸಿತಕ್ಕೆ ಹವಾಮಾನ ಬದಲಾವಣೆಯ ಕಥೆ ಕಟ್ಟಿಬಿಡಬಹುದು. ಇನ್ನು ನಕ್ಷೆಯ ಮೇಲೆ ಚುಕ್ಕೆ ಇಟ್ಟರೆ ಊರುಗಳೂ ಹೆದ್ದಾರಿಗಳೂ ಎದ್ದು ಕಾಣುತ್ತವೆ. ವರದಿ ಬಂದಲ್ಲಿ ಬಿರುಗಾಳಿ ಇತ್ತು ಎನ್ನಬಹುದು. ವರದಿ ಇಲ್ಲದಲ್ಲಿ ಇರಲಿಲ್ಲ ಎನ್ನಲಾಗದು. ಈ ಮಾತು ರಕ್ತಕ್ಕೆ ಇಳಿಯುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 4: ಸಲಕರಣೆ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಸಾಕು. ವಾತಾವರಣದ ಲೆಕ್ಕಗಳಿಗೆ ಮೆಟ್‌ಪೈ, ರೇಡಾರ್‌ಗೆ ಪೈ-ಆರ್ಟ್, ಎರಡೂ ಉಚಿತ. ಪರಿಸರದ ಮಾಹಿತಿಗೆ ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಇಆರ್‌ಎ5 ಎಂಬ, ಹಳೆಯ ಮಾಪನಗಳನ್ನೂ ಮುನ್ಸೂಚನಾ ಮಾದರಿಯನ್ನೂ ಬೆಸೆದು ಕಟ್ಟಿದ ದತ್ತಾಂಶ ಇದೆ: 1940ರಿಂದ ಈಚೆಗೆ ಗಂಟೆಗೊಂದರಂತೆ ಇಡೀ ಭೂಮಿಯದ್ದು, ಸುಮಾರು 31 ಕಿಲೋಮೀಟರ್ ಅಂತರದಲ್ಲಿ. ಆ ಅಂತರದಲ್ಲಿ ಒಂಟಿ ಬಿರುಗಾಳಿ ಹಿಡಿಯಲು ಸಿಗುವುದಿಲ್ಲ, ಬಿರುಗಾಳಿ ಬೆಳೆದ ವಾತಾವರಣ ಮಾತ್ರ ಸಿಗುತ್ತದೆ. ಇದನ್ನು ಮೊದಲ ದಿನವೇ ಹೇಳಿ. ಮೊದಲ ದಿನದಿಂದಲೇ ಕೋಡ್ ಅನ್ನು, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ತಂತ್ರಾಂಶದಲ್ಲಿಡುವ ರೂಢಿಯೂ ಆಗಲಿ.

ಹಂತ 5: ರೇಡಾರ್ ಮುಂದೆ ಕೂರಿಸಿ

ಬಣ್ಣದ ರೇಡಾರ್ ಚಿತ್ರ ನೋಡಿ ಎಲ್ಲರೂ ಬೇಗ ಮರುಳಾಗುತ್ತಾರೆ. ಅದು ಏನನ್ನು ನೋಡುತ್ತಿಲ್ಲ ಎಂಬುದರಿಂದ ಪಾಠ ಶುರುವಾಗಲಿ. ಅರ್ಧ ಡಿಗ್ರಿ ಮೇಲಕ್ಕೆ ಬಾಗಿದ ಕಿರಣ, ಭೂಮಿ ದುಂಡಗಿರುವ ಕಾರಣವೂ ಸೇರಿ, 100 ಕಿಲೋಮೀಟರ್ ದೂರದಲ್ಲಿ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ. 200 ಕಿಲೋಮೀಟರ್‌ನಲ್ಲಿ ನಾಲ್ಕು ಕಿಲೋಮೀಟರ್ ಮೇಲೆ. ನೆಲದ ಗಾಳಿಯ ಬಗ್ಗೆ ಅಷ್ಟು ದೂರದ ರೇಡಾರ್ ಹೇಳುವುದೇನೂ ಇಲ್ಲ. ವಿದ್ಯಾರ್ಥಿ ಈ ಲೆಕ್ಕವನ್ನು ತಾನೇ ಮಾಡಿ, ತನ್ನ ಅಧ್ಯಯನಕ್ಕೆ ದೂರದ ಮಿತಿ ತಾನೇ ನಿಗದಿ ಮಾಡಲಿ.

ಆಮೇಲೆ ವೇಗದ ಚಿತ್ರ. ರೇಡಾರ್ ನೇರವಾಗಿ ಗುರುತಿಸಬಲ್ಲ ಗರಿಷ್ಠ ವೇಗ ಸೆಕೆಂಡಿಗೆ 26 ಮೀಟರ್ ಎಂದಿಟ್ಟುಕೊಳ್ಳಿ. 30 ಮೀಟರ್ ವೇಗದಲ್ಲಿ ದೂರ ಸರಿಯುವ ಗಾಳಿ, 22 ಮೀಟರ್ ವೇಗದಲ್ಲಿ ರೇಡಾರ್ ಕಡೆಗೇ ಬರುತ್ತಿರುವಂತೆ ದಾಖಲಾಗುತ್ತದೆ. ದೂರ ಸರಿಯುವುದನ್ನು ತೋರಿಸುವ ಕಡು ಕೆಂಪಿನ ಪಕ್ಕದಲ್ಲೇ ಹತ್ತಿರ ಬರುವುದರ ಕಡು ಹಸಿರು! ಹೊಸಬರ ಕಣ್ಣಿಗೆ ಅದು ಭರ್ಜರಿ ಸುತ್ತುಗಾಳಿ. ಹೀಗೆ ವೇಗ ಮಡಚಿಕೊಂಡಿರುವ ಹತ್ತು ಚಿತ್ರ, ನಿಜವಾದ ಸುತ್ತು ಇರುವ ಹತ್ತು ಚಿತ್ರ ಕಲಸಿ ಕೊಟ್ಟು ಬೇರ್ಪಡಿಸಲು ಹೇಳಿ. ಮಡಚಿಕೊಂಡದ್ದನ್ನು ಬಿಡಿಸುವ ತಂತ್ರ ಪೈ-ಆರ್ಟ್‌ನಲ್ಲಿದೆ, ಆದರೆ ಯಂತ್ರವೂ ಆಗಾಗ ತಪ್ಪಾಗಿ ಬಿಡಿಸುತ್ತದೆ. ಬಿಡಿಸಿದ್ದು ಸರಿಯೇ ಎಂದು ನೋಡುವ ಕಣ್ಣು ಮನುಷ್ಯನದೇ ಆಗಬೇಕು.

ಅಡ್ಡ, ಲಂಬ ಎರಡೂ ಬಗೆಯ ಅಲೆ ಕಳಿಸುವ ದ್ವಿಧ್ರುವೀಕರಣ ರೇಡಾರ್ ಇದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ರೇಡಾರ್ ಜಾಲ 2011–13ರ ನಡುವೆ ಇದಕ್ಕೆ ಬದಲಾಯಿತು. ಮಳೆಹನಿಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆ ಇರುವಲ್ಲಿ ಸಹಸಂಬಂಧ ಗುಣಾಂಕ (ಆ ಎರಡು ಅಲೆಗಳ ಪ್ರತಿಧ್ವನಿ ಎಷ್ಟು ಹೊಂದುತ್ತವೆಂಬ ಅಳತೆ) ಒಂದರ ಹತ್ತಿರ ಇರುತ್ತದೆ. ಹಲಗೆ, ಎಲೆ, ತಗಡಿನ ಚೂರುಗಳು ಗಾಳಿಯಲ್ಲಿ ಸುತ್ತುವಲ್ಲಿ ಅದು ಕುಸಿಯುತ್ತದೆ. ಬಲವಾದ ಪ್ರತಿಫಲನ, ಪಕ್ಕಪಕ್ಕದಲ್ಲೇ ಬರುವ ಮತ್ತು ಹೋಗುವ ವೇಗದ ಜೋಡಿ, ಕುಸಿದ ಗುಣಾಂಕ ಮೂರೂ ಒಂದೇ ಜಾಗದಲ್ಲಿ ಕಂಡರೆ ಟೊರ್ನೆಡೊ ಅವಶೇಷ ಎತ್ತಿದೆ ಎಂದರ್ಥ. ಅಂಥ ಮೊದಲ ಚಿತ್ರ ಗುರುತಿಸಿದಾಗ ವಿದ್ಯಾರ್ಥಿಗೆ ಆಗುವ ರೋಮಾಂಚನದ ಜೊತೆಗೇ ಒಂದು ಮಾತು ಹೇಳಿ: ಆ ಚುಕ್ಕೆಯೊಳಗೆ ಯಾರದೋ ಮನೆಯ ಚೂರುಗಳಿರಬಹುದು.

ಹಂತ 6: ಏನೂ ಆಗದ ದಿನಗಳನ್ನೂ ಸೇರಿಸಿ

ದೊಡ್ಡ ಬಿರುಗಾಳಿಯೊಂದನ್ನು ಆರಿಸಿ ಅದರ ಕಥೆ ಬರೆಯುವುದು ಪದವಿ ಮಟ್ಟದ ಯೋಜನೆಗಳಲ್ಲಿ ಬಲು ಸಾಮಾನ್ಯ. ಕಲಿಕೆಗೆ ಪರವಾಗಿಲ್ಲ. ಸಂಶೋಧನೆ ಎನ್ನಬೇಕಾದರೆ, ವಾತಾವರಣ ಸಜ್ಜಾಗಿದ್ದೂ ಬಿರುಗಾಳಿ ಬಾರದ ದಿನಗಳೂ ಪಟ್ಟಿಯಲ್ಲಿರಬೇಕು. ಟೊರ್ನೆಡೊ ಬಂದ ಎಲ್ಲ ದಿನವೂ ಗಾಳಿಯ ವೇಗ, ದಿಕ್ಕು ಎತ್ತರದೊಂದಿಗೆ ಜೋರಾಗಿ ಬದಲಾಗಿತ್ತು ಎಂದು ತೋರಿಸಿದರೆ ಅರ್ಧ ಮಾತಷ್ಟೇ ಆಯಿತು. ಹಾಗೆಯೇ ಬದಲಾದ ಎಷ್ಟು ದಿನ ಏನೂ ಆಗಲಿಲ್ಲ ಎಂಬುದು ಉಳಿದರ್ಧ.

ಇದನ್ನು ಮನದಟ್ಟು ಮಾಡಿಸಲು 1884ರ ಒಂದು ಹಳೆಯ ಲೆಕ್ಕಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅಮೆರಿಕದ ಸೈನ್ಯದ ಸಿಗ್ನಲ್ ವಿಭಾಗದಲ್ಲಿದ್ದ ಜಾನ್ ಪಾರ್ಕ್ ಫಿನ್ಲೆ ಟೊರ್ನೆಡೊ ಮುನ್ಸೂಚನೆ ಕೊಟ್ಟು, ಅವುಗಳಲ್ಲಿ ಶೇ. 96.6 ಸರಿಯಾದವು ಎಂದ. ಒಟ್ಟು 2803 ಮುನ್ಸೂಚನೆ. ಬರುತ್ತದೆ ಎಂದು ಬಂದದ್ದು 28, ಬರುತ್ತದೆ ಎಂದು ಬಾರದ್ದು 72, ಹೇಳದೇ ಬಂದದ್ದು 23, ಬಾರದು ಎಂದು ಬಾರದೇ ಇದ್ದದ್ದು 2680. ಕಣ್ಣು ಮುಚ್ಚಿಕೊಂಡು ಪ್ರತಿ ಸಲವೂ "ಬರುವುದಿಲ್ಲ" ಎಂದಿದ್ದರೆ ಶೇ. 98.2 ಸರಿಯಾಗುತ್ತಿತ್ತು! ನಾಲ್ಕು ಸಂಖ್ಯೆ ಬೋರ್ಡಿನ ಮೇಲೆ ಬರೆದು ಉಳಿದದ್ದನ್ನು ಅವರಿಗೇ ಬಿಡಿ. ಬಂದ 51ರಲ್ಲಿ ಮೊದಲೇ ಹೇಳಿದ್ದು 28, ಅಂದರೆ ಶೇ. 55. ಎಚ್ಚರಿಸಿದ 100ರಲ್ಲಿ ಹುಸಿಯಾದದ್ದು 72. ತೀರಾ ವಿರಳ ಘಟನೆಗಳಲ್ಲಿ ಒಟ್ಟು ನಿಖರತೆ ಎಂಬ ಅಂಕಿ ಏಕೆ ಮೋಸ ಮಾಡುತ್ತದೆಂದು ಅರ್ಧ ಗಂಟೆಯಲ್ಲಿ ಅರಿವಾಗುತ್ತದೆ. ಈಗ ಯಂತ್ರಕಲಿಕೆಯ ಮಾದರಿಯೊಂದನ್ನು ತಂದು "ಶೇ. 99 ನಿಖರ" ಎನ್ನುವ ವಿದ್ಯಾರ್ಥಿಗೂ ಇದೇ ಪಟ್ಟಿ ಹಾಕಿ ತೋರಿಸಲು ಹೇಳಿ.

ಹಂತ 7: ಬಯಲಿಗೆ ಇಳಿಯುವುದು

ಇಷ್ಟಾದ ಮೇಲೆ ಬಯಲು. ಮೊದಲೇ ಬೇಡ. ರೇಡಾರ್ ಓದಲು ಬಾರದವರನ್ನು ಬಿರುಗಾಳಿಯ ಹತ್ತಿರ ಕರೆದೊಯ್ಯುವುದು ಅವರಿಗೂ ಅಪಾಯ, ತಂಡಕ್ಕೂ ಹೊರೆ.

ಹತ್ತಿರ ಹೋಗದೆಯೂ ಮಾಡಬಹುದಾದ ಬಯಲಿನ ಕೆಲಸಗಳಲ್ಲಿ ಬಲೂನು ಹಾರಿಸುವುದು ಶ್ರೇಷ್ಠ. ಪ್ರಪಂಚದ ಹೆಚ್ಚಿನ ಕೇಂದ್ರಗಳು ದಿನಕ್ಕೆರಡು ಸಲ, ಅಂತರರಾಷ್ಟ್ರೀಯ ಸಮಯ 00 ಮತ್ತು 12 ಗಂಟೆಗೆ ರೇಡಿಯೋಸಾಂಡ್ (ಬಲೂನಿಗೆ ಕಟ್ಟಿದ ಮಾಪನ ಉಪಕರಣ) ಬಿಡುತ್ತವೆ. ಬಿರುಗಾಳಿ ಬೆಳೆಯುವುದು ಆ ಎರಡರ ನಡುವಿನ ಹೊತ್ತಿನಲ್ಲಾದರೆ, ಆಗ ಬಿಟ್ಟ ಒಂದು ಬಲೂನಿನ ದತ್ತಾಂಶ ಬೇರೆ ಯಾರ ಬಳಿಯೂ ಇರುವುದಿಲ್ಲ. ಸೆಕೆಂಡಿಗೆ 5 ಮೀಟರ್‌ನಂತೆ ಏರಿದರೆ 20 ನಿಮಿಷದಲ್ಲಿ 6 ಕಿಲೋಮೀಟರ್ ತಲುಪುತ್ತದೆ. ಬಿರುಗಾಳಿಯ ಬಗೆ ನಿರ್ಧರಿಸುವ ಗಾಳಿ ವ್ಯತ್ಯಾಸ ಬಹುಪಾಲು ಅಷ್ಟರೊಳಗೇ ಸಿಗುತ್ತದೆ. ಕೆಲಸ ಹಂಚಿ: ಒಬ್ಬರು ಅನಿಲ ತುಂಬಲಿ, ಒಬ್ಬರು ಉಪಕರಣವನ್ನು ನೆಲದ ತಾಪಮಾನ, ಒತ್ತಡದೊಂದಿಗೆ ಹೋಲಿಸಿ ಬರೆದುಕೊಳ್ಳಲಿ, ಒಬ್ಬರು ಆಕಾಶ ಮತ್ತು ರೇಡಾರ್ ಬಿಟ್ಟು ಬೇರೇನನ್ನೂ ನೋಡದಿರಲಿ. ವಿಮಾನಯಾನ ಅಧಿಕಾರಿಗಳ ಅನುಮತಿ ಪಡೆಯುವುದನ್ನೂ ವಿದ್ಯಾರ್ಥಿಯಿಂದಲೇ ಮಾಡಿಸಿ, ನೀವು ಪಕ್ಕದಲ್ಲಿರಿ. ಹೀಲಿಯಂ ಸಿಗುವಲ್ಲಿ ಹೈಡ್ರೋಜನ್ ಕಡೆ ಹೋಗಬೇಡಿ.

ಸುರಕ್ಷತೆಯ ವಿಷಯದಲ್ಲಿ ನಾನು ಯಾವ ರಿಯಾಯಿತಿಗೂ ಒಪ್ಪುವುದಿಲ್ಲ. 2013ರ ಮೇ 31ರಂದು ಓಕ್ಲಹೋಮದ ಎಲ್ ರೆನೊ ಬಳಿ ಟೊರ್ನೆಡೊ ನಾಲ್ಕು ಕಿಲೋಮೀಟರ್‌ಗೂ ಹೆಚ್ಚು ಅಗಲಕ್ಕೆ ಹಿಗ್ಗಿ ದಿಕ್ಕು ಬದಲಿಸಿದಾಗ, ವರ್ಷಗಟ್ಟಲೆ ಅನುಭವವಿದ್ದ ಸಂಶೋಧಕ ಟಿಮ್ ಸಮಾರಾಸ್ ಮತ್ತು ಜೊತೆಗಿದ್ದ ಇಬ್ಬರು ಸಾವಿಗೀಡಾದರು. 2022ರ ಏಪ್ರಿಲ್ ಕೊನೆಯಲ್ಲಿ ಬಿರುಗಾಳಿ ನೋಡಿ ಮರಳುತ್ತಿದ್ದ ಓಕ್ಲಹೋಮ ವಿಶ್ವವಿದ್ಯಾಲಯದ ಮೂವರು ಹವಾಮಾನಶಾಸ್ತ್ರ ವಿದ್ಯಾರ್ಥಿಗಳು, ಮಳೆಗೆ ನೆಂದ ಹೆದ್ದಾರಿಯಲ್ಲಿ ಕಾರು ಜಾರಿ, ಅಪಘಾತದಲ್ಲಿ ತೀರಿಕೊಂಡರು. ಎರಡನೆಯದನ್ನು ಮತ್ತೆ ಮತ್ತೆ ಹೇಳಿ. ಬಿರುಗಾಳಿ ಮುಗಿದ ಮೇಲಿನ ರಸ್ತೆ, ದಣಿದ ಚಾಲಕ, ಒದ್ದೆ ಡಾಂಬರು ಇವುಗಳ ಅಪಾಯ ದೊಡ್ಡದು, ಯಾರೂ ಅದಕ್ಕೆ ಹೆದರುವುದಿಲ್ಲ.

ಆದ್ದರಿಂದ ಹೊರಡುವ ಮುನ್ನ ಬರಹದಲ್ಲಿ ಇರಬೇಕಾದವು: ಚಾಲಕ ಚಾಲನೆ ಬಿಟ್ಟು ಬೇರೇನನ್ನೂ ಮಾಡುವುದಿಲ್ಲ, ಫೋನಿನ ರೇಡಾರ್ ನೋಡುವುದು ಪಕ್ಕದವರ ಕೆಲಸ. ಕತ್ತಲಾದ ಮೇಲೆ ಕಾರ್ಯಾಚರಣೆ ಇಲ್ಲ. ಗುಡುಗು ಕೇಳಿದರೆ ಎಲ್ಲರೂ ವಾಹನದೊಳಗೆ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಕಾಲಿಡುವಂತಿಲ್ಲ. ಅರ್ಧ ತುಂಬಿದ ಬಲೂನು ಹೋದರೆ ಹೋಗಲಿ. ವಾಪಸಾಗುವ ಎರಡು ದಾರಿಗಳು ಮೊದಲೇ ಗೊತ್ತಿರಬೇಕು. ಇಷ್ಟು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ ಎಂಬ ಮಿತಿ ಇರಬೇಕು, ಮೀರಿದರೆ ದಾರಿಯಲ್ಲೇ ತಂಗಲು ಹಣ ಎತ್ತಿಟ್ಟಿರಬೇಕು. ತಂಡದಲ್ಲಿ ಯಾರೇ ಒಬ್ಬರು, ಎಷ್ಟೇ ಕಿರಿಯರಾಗಲಿ, "ಸಾಕು, ವಾಪಸ್ ಹೋಗೋಣ" ಎಂದರೆ ವಾದವಿಲ್ಲದೆ ತಿರುಗಬೇಕು. ಹಾಗೆಂದವರನ್ನು ಆಮೇಲೆ ಯಾರೂ ಛೇಡಿಸದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಹಂತ 8: ಹಾನಿ ಸಮೀಕ್ಷೆಗೆ ಹೋಗುವಾಗ

ಟೊರ್ನೆಡೊದ ತೀವ್ರತೆ ನಿರ್ಧಾರವಾಗುವುದು ಬಹುತೇಕ ಅದು ಮಾಡಿದ ಹಾನಿಯಿಂದ. ಟೆಡ್ ಫುಜಿತಾ 1971ರಲ್ಲಿ ರೂಪಿಸಿದ ಮಾಪಕವನ್ನು ಪರಿಷ್ಕರಿಸಿ 2007ರಿಂದ ಅಮೆರಿಕದಲ್ಲಿ ಬಳಸುತ್ತಿದ್ದಾರೆ. ಅದರಲ್ಲಿ ಮನೆ, ಶಾಲೆ, ಮರ ಹೀಗೆ 28 ಬಗೆಯ ಹಾನಿ ಸೂಚಕಗಳಿವೆ. ಗೋಡೆ ಅಡಿಪಾಯಕ್ಕೆ ಹೇಗೆ ಕೂತಿತ್ತು, ಬೋಲ್ಟ್ ಇತ್ತೇ, ಬರೀ ಮೊಳೆಯೇ ಎಂದು ನೋಡುವುದನ್ನು ವಿದ್ಯಾರ್ಥಿ ಕಲಿತರೆ, ಬರೀ ಬಯಲಿನಲ್ಲಿ ಸಾಗಿದ ಬಲವಾದ ಟೊರ್ನೆಡೊಗೆ ಕಡಿಮೆ ದರ್ಜೆ ಸಿಗುವುದು ಏಕೆಂದೂ ತಿಳಿಯುತ್ತದೆ.

ಆದರೆ ಅಲ್ಲಿ ನಿಂತಿರುವುದು ಮನೆ ಕಳೆದುಕೊಂಡವರ ಅಂಗಳದಲ್ಲಿ. ರಕ್ಷಣಾ ಕಾರ್ಯ ನಡೆಯುತ್ತಿರುವಾಗ ಹೋಗಬಾರದು. ಅಧಿಕೃತ ಸಮೀಕ್ಷಾ ತಂಡದ ಜೊತೆಗೇ ಹೋಗಬೇಕು. ಕೇಳದೆ ಫೋಟೊ ತೆಗೆಯುವಂತಿಲ್ಲ, ಜನರ ಮುಖ, ಮನೆ ಸಂಖ್ಯೆ ಚಿತ್ರದಲ್ಲಿ ಬರುವಂತಿಲ್ಲ. ನಗುತ್ತಾ ಸೆಲ್ಫಿ ತೆಗೆದವರನ್ನು ಅಲ್ಲಿಂದಲೇ ವಾಪಸ್ ಕಳಿಸಿ. ಯಾರಾದರೂ ಮಾತಾಡಬೇಕೆಂದು ಬಂದರೆ ನೋಟ್‌ಬುಕ್ ಮುಚ್ಚಿ ಕೇಳಿಸಿಕೊಳ್ಳುವುದನ್ನು ಕಲಿಸಿ.

ಹಂತ 9: ಬರೆಯುವುದು, ಹೆಸರು, ಹಸ್ತಾಂತರ

ಬರವಣಿಗೆಯನ್ನು ಕೊನೆಯ ವಾರಕ್ಕೆ ಬಿಡಬೇಡಿ. ಮೊದಲ ಚಿತ್ರ ಬಂದ ದಿನವೇ ಅದರ ಕೆಳಗೆ ನಾಲ್ಕು ಸಾಲು ಬರೆಸಿ: ಇದರಲ್ಲಿ ಏನಿದೆ, ಏನಿಲ್ಲ, ಏಕೆ ನಂಬಬೇಕು. ಇಂಥ ಹತ್ತು ಚಿತ್ರ ಸೇರಿದರೆ ಪೋಸ್ಟರ್‌ನ ಮುಕ್ಕಾಲು ಭಾಗ ಸಿದ್ಧ. ಅಮೆರಿಕನ್ ಮೆಟಿಯೊರೊಲಾಜಿಕಲ್ ಸೊಸೈಟಿ ತನ್ನ ವಾರ್ಷಿಕ ಸಭೆಯ ಜೊತೆಗೆ ವಿದ್ಯಾರ್ಥಿಗಳಿಗೆಂದೇ ಸಮ್ಮೇಳನ ನಡೆಸುತ್ತದೆ. ಅಂಥ ವೇದಿಕೆಯಲ್ಲಿ ಅಪರಿಚಿತರ ಪ್ರಶ್ನೆಗೆ ನಿಂತು ಉತ್ತರಿಸುವ ಅನುಭವ ತರಗತಿಯಲ್ಲಿ ಸಿಗದು. ಲೇಖಕರ ಪಟ್ಟಿಯಲ್ಲಿ ಯಾರ ಹೆಸರು ಎಲ್ಲಿ ಬರುತ್ತದೆಂದು ಮೊದಲ ತಿಂಗಳಲ್ಲೇ ಮಾತಾಡಿ. ದತ್ತಾಂಶವನ್ನು ಕೈಯಾರೆ ಜರಡಿ ಹಿಡಿದ ವಿದ್ಯಾರ್ಥಿಗೆ ಕೊನೆಯಲ್ಲಿ ಬರೀ ಕೃತಜ್ಞತೆಯ ಸಾಲು ಕೊಡುವುದು ಅನ್ಯಾಯ.

ವಿದ್ಯಾರ್ಥಿ ಪದವಿ ಮುಗಿಸಿ ಹೋಗುವ ಮುನ್ನ ಎರಡು ವಾರ ಹಸ್ತಾಂತರಕ್ಕೆ ಮೀಸಲಿಡಿ. ದತ್ತಾಂಶ ಎಲ್ಲಿಂದ ಬಂತು, ಯಾವ ದಿನಗಳನ್ನು ಏಕೆ ಕೈಬಿಟ್ಟರು, ಯಾವ ರೇಡಾರ್ ಕಡತ ಕೆಟ್ಟಿದೆ, ಪ್ರಯತ್ನಿಸಿ ಕೈಬಿಟ್ಟ ದಾರಿಗಳು ಯಾವುವು, ಎಲ್ಲ ಒಂದು ಕಡತದಲ್ಲಿ ಬರಲಿ. ಮುಂದೆ ಅದೇ ಕೆಲಸ ಹಿಡಿಯುವ ಎರಡನೇ ವರ್ಷದ ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿ, ಆ ಕಡತವೊಂದನ್ನೇ ನೋಡಿಕೊಂಡು ಮುಖ್ಯ ಚಿತ್ರವನ್ನು ಮತ್ತೆ ತಯಾರಿಸಲು ಹೇಳಿ. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಹೋಗುತ್ತಿರುವವರೇ ತಿದ್ದಿ ಬರೆಯಬೇಕು.